ತಾಳಿಯ ಹವಳ, ತೊಟ್ಟಿಯ ಹವಳ

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ಸಾಫ್ಟ್‌ವೇರ್ ಬಗ್ಗೆ ಏನಾದರೂ ಹೇಳಮ್ಮ, ಎಐ ಬಗ್ಗೆ ಹೇಳು, ಎಲ್ಲರೂ ಕೇಳ್ತಿದ್ದಾರೆ" ಎಂದರು. ವಾರದ ಐದು ದಿನ ಅದನ್ನೇ ಮಾಡಿ ಭಾನುವಾರವೂ ಅದನ್ನೇ ಮಾತಾಡುವುದು ಬೇಡ ಅನ್ನಿಸಿತು. ಹವಳದ ಬಗ್ಗೆ ಮಾತಾಡಲೇ ಎಂದು ಕೇಳಿದೆ. ಅವರು ಖುಷಿಯಾಗಿ, "ಓ, ಒಡವೆ! ಒಳ್ಳೆಯದು" ಎಂದರು. ಒಡವೆಯೂ ಬರುತ್ತದೆ. ಆದರೆ ನಾನು ಹೇಳಹೊರಟಿರುವುದು ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಬದುಕಿರುವ ಹವಳದ ಕಥೆ.

ನಮ್ಮ ಮನೆ ಇರುವುದು ಸೌಕಾರ್‌ಪೇಟೆಯಲ್ಲಿ. ಹೆಸರಿನಲ್ಲೇ ಸಾಹುಕಾರರಿದ್ದಾರೆ, ನಾವು ಮಾತ್ರ ಅಲ್ಲ. ಮಾವನವರು ಜವಳಿ ವ್ಯಾಪಾರದ ಲೆಕ್ಕ ಬರೆಯಲು ಬಂದು ಇಲ್ಲೇ ನೆಲೆ ನಿಂತವರು. ಕೆಳಗಡೆ ಗೋದಾಮು, ಅದರ ಮೇಲೆ ಒಂದು ಮಾರ್ವಾಡಿ ಕುಟುಂಬ, ಮೂರನೇ ಮಹಡಿಯಲ್ಲಿ ನಾವು. ಮದುವೆಯಾಗಿ ಹಾಸನದಿಂದ ಬಂದ ಹೊಸದರಲ್ಲಿ, ಮಿಂಟ್ ಸ್ಟ್ರೀಟಿನ ಆ ಜನಜಂಗುಳಿ ನೋಡಿ ಅತ್ತುಬಿಟ್ಟಿದ್ದೆ. ಈಗ ಎರಡು ದಿನ ಆ ಗದ್ದಲ ಕೇಳದಿದ್ದರೆ ನಿದ್ದೆ ಬರುವುದಿಲ್ಲ.

ಲಾಕ್‌ಡೌನ್ ಕಾಲದಲ್ಲಿ ಕೆಲವರು ಹುಳಿ ಬ್ರೆಡ್ ಮಾಡಿದರು, ಕೆಲವರು ತಾರಸಿಯಲ್ಲಿ ಕೊತ್ತಂಬರಿ ಬೆಳೆದರು. ನಾನು ಉಪ್ಪುನೀರಿನ ಅಕ್ವೇರಿಯಂ ಇಟ್ಟೆ. ಮೂರಡಿ ಉದ್ದದ ಗಾಜಿನ ತೊಟ್ಟಿ, ಹಿಡಿಯುವುದು ಸುಮಾರು 180 ಲೀಟರ್. ಮರೀನಾಕ್ಕೆ ಹೋಗಿ ಕೊಡದಲ್ಲಿ ನೀರು ತಂದು ಸುರಿಯುವಂತಿಲ್ಲ. ಆರ್‌ಓ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ನೀರು ತಯಾರಿಸಬೇಕು. ಉಷ್ಣತೆ 26 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಚೆನ್ನೈನ ಮೇ ತಿಂಗಳಲ್ಲಿ ಮನುಷ್ಯರಿಗೇ 26 ಡಿಗ್ರಿ ಸಿಗುವುದಿಲ್ಲ, ಮೀನಿಗೆ ಸಿಗುತ್ತದೆ. "ನಮ್ಮ ಮನೇಲಿ ಏಸಿ ಇರೋದು ಮೀನಿಗೆ, ಫ್ಯಾನು ನಮಗೆ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದು ಕರೆಂಟು ಹೋದಾಗ, ಬ್ಯಾಟರಿ ಪಂಪಿನ ಪಕ್ಕದಲ್ಲಿ ರಾತ್ರಿಯಿಡೀ ಟಾರ್ಚ್ ಹಿಡಿದು ಕೂತಿದ್ದವರೂ ಅವರೇ. ಅದನ್ನು ಮಾತ್ರ ಅವರು ಯಾರಿಗೂ ಹೇಳುವುದಿಲ್ಲ.

ಕಳೆದ ವರ್ಷ ಏಪ್ರಿಲ್‌ನಲ್ಲಿ ಕೊಳತ್ತೂರಿಗೆ ಹೋಗಿದ್ದೆ. ಬಣ್ಣದ ಮೀನಿನ ವ್ಯಾಪಾರಕ್ಕೆ ಇಡೀ ದೇಶದಲ್ಲೇ ಹೆಸರಾದ ಜಾಗ ಅದು. ಅಲ್ಲಿನ ಒಂದು ಅಂಗಡಿಯಲ್ಲಿ, ನೀಲಿ ದೀಪದ ಕೆಳಗೆ, ಅಂಗೈಯಗಲದ ಕಲ್ಲಿನ ಮೇಲೆ ತಟ್ಟೆಯ ಹಾಗೆ ಅರಳಿಕೊಂಡಿದ್ದ ಒಂದು ಜೀವಿ ಕಂಡಿತು. ಕೆಂಡದಂಥ ಕಿತ್ತಳೆ ಬಣ್ಣ, ಅದರ ಮೇಲೆ ನವಿಲುಗರಿಯ ಹಸಿರಿನ ಚುಕ್ಕೆಗಳು. ಅಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ. ಏನಿದು ಎಂದು ಕೇಳಿದರೆ ಅಂಗಡಿಯವರು, "ರೇನ್‌ಬೋ ಮೇಡಂ, ಸಾಫ್ಟ್ ಕೋರಲ್, ಒಂದೇ ಪೀಸ್ ಇದೆ" ಎಂದರು. ಒಂದೇ ಪೀಸ್ ಇದೆ ಎಂದರೆ ನಾವು ಏನು ಮಾಡುತ್ತೇವೆ ಎಂದು ನಿಮಗೆಲ್ಲ ಗೊತ್ತು.

ಮನೆಗೆ ತಂದು ತೊಟ್ಟಿಗಿಟ್ಟೆ. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಕೆಂಡವೂ ಇಲ್ಲ, ನವಿಲೂ ಇಲ್ಲ. ನಿನ್ನೆಯ ಬೀಟ್‌ರೂಟ್ ಪಲ್ಯ ತಟ್ಟೆಗೆ ಅಂಟಿಕೊಂಡ ಹಾಗೆ ಮಂಕು ಕೆಂಪು. ಸತ್ತೇಹೋಯಿತು ಎಂದುಕೊಂಡೆ. ಅತ್ತೆ ಕಾಫಿ ಲೋಟ ಹಿಡಿದು ಬಂದು ನೋಡಿ, "ಅಂಗಡಿ ಲೈಟಿನಲ್ಲಿ ಸೀರೆ ನೋಡಿ ತಂದ ಹಾಗಾಯ್ತು ಕಣಮ್ಮ. ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಬೇಕಿತ್ತು" ಎಂದರು. ಗೋಡೌನ್ ಸ್ಟ್ರೀಟಿನಲ್ಲಿ ನಲವತ್ತು ವರ್ಷ ಸೀರೆ ಆರಿಸಿದವರ ಮಾತು.

ನಾನು ಎಂಟೆಕ್‌ನಲ್ಲಿ ಓದಿದ್ದು ಇಮೇಜ್ ಪ್ರೊಸೆಸಿಂಗ್. ಬಣ್ಣ, ಬೆಳಕು, ಚಿತ್ರವೇ ನನ್ನ ವಿದ್ಯೆ. ಆದರೂ ಮೊದಲು ಹೊಳೆದದ್ದು ಅತ್ತೆಗೆ. ನನ್ನ ಹೆಚ್ಚುಗಾರಿಕೆ ಏನೆಂದರೆ, ಅವರು ಹೇಳಿದ ಮೇಲೂ ಮೂರು ದಿನ ಫೋನಿನಲ್ಲಿ ಫೋಟೋ ತೆಗೆದು, ಗಿಡ ಪ್ರಾಣಿ ಗುರುತು ಹಿಡಿಯುವ ಆ್ಯಪ್‌ಗೆ ಹಾಕುತ್ತಾ ಕೂತೆ. ಐದು ಫೋಟೋಗೆ ಐದು ಹೆಸರು ಬಂತು. ಒಂದು ಸಲವಂತೂ ಅಣಬೆ ಎಂದಿತು. (ಅದು ಪೂರ್ತಿ ತಪ್ಪಲ್ಲ, ಮುಂದೆ ಹೇಳುತ್ತೇನೆ.) ನೀಲಿ ದೀಪದಲ್ಲಿ ಫೋನಿನ ಕ್ಯಾಮೆರಾ ತನಗೆ ತೋಚಿದ ಹಾಗೆ ಬಣ್ಣ ತಿದ್ದುತ್ತದೆ, ಆ್ಯಪ್ ಆ ತಿದ್ದಿದ ಬಣ್ಣ ನೋಡಿ ಹೆಸರು ಹೇಳುತ್ತದೆ. ಇದನ್ನು ಕ್ಲಾಸಿನಲ್ಲಿ ಓದಿ ನೂರಕ್ಕೆ ತೊಂಬತ್ತು ತೆಗೆದವಳು ನಾನು.

ಆ ಹೊಳಪು ಎಲ್ಲಿಂದ ಬರುತ್ತದೆ ಎನ್ನುವುದು ಸ್ವಾರಸ್ಯದ ವಿಷಯ, ಸ್ವಲ್ಪ ಹೇಳುತ್ತೇನೆ. ಹವಳದ ಜೀವಿಗಳ ಮೈಯಲ್ಲಿ ಕೆಲವು ಪ್ರೋಟೀನುಗಳಿವೆ. ಅವು ನೀಲಿ ಬೆಳಕನ್ನು ಹೀರಿಕೊಂಡು ಹಸಿರಾಗಿಯೋ ಕೆಂಪಾಗಿಯೋ ಹೊರಗೆ ಬಿಡುತ್ತವೆ. ಇಂಥ ಹಸಿರು ಪ್ರೋಟೀನನ್ನು 1962ರಲ್ಲಿ ಒಸಾಮು ಶಿಮೊಮುರಾ ಎಂಬ ಜಪಾನಿ ವಿಜ್ಞಾನಿ ಅಂಬಲಿಮೀನಿನಲ್ಲಿ ಕಂಡರು. ಜೀವಕೋಶದ ಒಳಗೆ ಯಾವುದು ಎಲ್ಲಿದೆ ಎಂದು ಗುರುತು ಹಾಕಿ ನೋಡಲು ವೈದ್ಯವಿಜ್ಞಾನಿಗಳಿಗೆ ಅದೊಂದು ದೀಪವಾಯಿತು. 2008ರಲ್ಲಿ ಶಿಮೊಮುರಾ, ಮಾರ್ಟಿನ್ ಚಾಲ್ಫಿ, ರೋಜರ್ ಚೆನ್ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಹಸಿರು ಸಿಕ್ಕಿದರೂ ಕೆಂಪು ಬಹಳ ಕಾಲ ಸಿಕ್ಕಿರಲಿಲ್ಲ. 1999ರಲ್ಲಿ ಮಾಸ್ಕೋದ ಮಿಖಾಯಿಲ್ ಮಾಟ್ಸ್, ಸೆರ್ಗೆ ಲುಕ್ಯಾನೊವ್ ಮತ್ತು ಜೊತೆಗಾರರು ಕೆಂಪು ಪ್ರೋಟೀನನ್ನು ಹಿಡಿದದ್ದು ಅಕ್ವೇರಿಯಂನಲ್ಲಿ ಸಾಕಿದ್ದ ಡಿಸ್ಕೊಸೋಮಾ ಎಂಬ ಜೀವಿಯಿಂದ. ಅದರ ಹೆಸರು ನೆನಪಿಟ್ಟುಕೊಳ್ಳಿ.

ಈ ನಡುವೆ ಒಬ್ಬ ಪರಿಚಯದವರು ಹೆದರಿಸಿದರು: "ಅಷ್ಟು ಬಣ್ಣ ಇದ್ದರೆ ಅದು ಬಿಳಿಚಿಕೊಳ್ಳುತ್ತಿರಬೇಕು." ಇದರಲ್ಲೂ ನಿಜವಿದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿರುತ್ತದೆ. ಅದು ಬಿಸಿಲಿನಲ್ಲಿ ಅಡುಗೆ ಮಾಡಿ ಮನೆಯೊಡತಿಗೂ ಬಡಿಸುತ್ತದೆ. ನೀರು ಬಿಸಿಯಾದಾಗ ಪಾಚಿ ಮನೆ ಖಾಲಿ ಮಾಡುತ್ತದೆ, ಹವಳ ಬೆಳ್ಳಗಾಗಿ ಹಸಿವಿನಿಂದ ಸಾಯುತ್ತದೆ. ಕೆಲವು ಹವಳಗಳು ಸಾಯುವ ಮುಂಚೆ, ಬಿಸಿಲಿನಿಂದ ಮೈ ಕಾಪಾಡಿಕೊಳ್ಳಲು ಈ ಹೊಳೆಯುವ ಬಣ್ಣಗಳನ್ನೇ ವಿಪರೀತವಾಗಿ ತಯಾರಿಸುತ್ತವೆ ಎಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದ್ದಾರೆ. ನೋಡುವವರಿಗೆ ಹಬ್ಬ, ಅದಕ್ಕೆ ಪ್ರಾಣಸಂಕಟ. 2024ರ ಏಪ್ರಿಲ್‌ನಲ್ಲಿ, ಪ್ರಪಂಚದ ಹವಳಗಳು ಒಟ್ಟಿಗೆ ಬಿಳಿಚುವ ನಾಲ್ಕನೇ ಸುತ್ತು ಶುರುವಾಗಿದೆ ಎಂದು ಅಮೆರಿಕದ ಸಾಗರ ಸಂಸ್ಥೆ ಘೋಷಿಸಿತು. ನಮ್ಮ ರಾಮೇಶ್ವರ, ತೂತ್ತುಕುಡಿ ಕಡೆಯ ದಿಬ್ಬಗಳೂ ಈ ಕಷ್ಟ ಕಂಡಿವೆ. ನನ್ನದು ಹಾಗಲ್ಲ ಎಂದು ತಿಳಿಯಲು ಒಂದು ವಾರ ಬೇಕಾಯಿತು. ಬಿಳಿ ಬೆಳಕಿನಲ್ಲಿ ಅದರ ಬುಡದ ಕಂದು ಛಾಯೆ ಹಾಗೇ ಇತ್ತು, ಅಂದರೆ ಬಾಡಿಗೆದಾರರು ಮನೆಯಲ್ಲೇ ಇದ್ದರು.

ನಿಜವಾಗಿ ನಿದ್ದೆ ಕೆಡಿಸಿದ್ದು ಬಣ್ಣವಲ್ಲ, ಕಾನೂನು. ಹೆಸರು ಹುಡುಕುತ್ತಾ ಹೋದವಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎದುರಾಯಿತು. ನಮ್ಮ ದೇಶದಲ್ಲಿ ಕಲ್ಲುಹವಳದ ಎಲ್ಲ ಜಾತಿಗಳೂ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಇವೂ 2001ರಿಂದ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಮೇಲೆ ದಂಡ. ಬದುಕಿರುವ ಹವಳಕ್ಕಷ್ಟೇ ಅಲ್ಲ, ಸತ್ತ ಹವಳದ ತುಂಡಿಗೂ ಇದು ಅನ್ವಯ. ಅಂಗಡಿಯವರು ಸಾಫ್ಟ್ ಎಂದು ಹೇಳಿದ್ದರು, ಅಷ್ಟೇ. ಬಿಲ್ಲಿನಲ್ಲಿ ಬರೆದದ್ದು ‘ಡೆಕೊರೇಷನ್’. ನಾನು ಊಟದ ಮೇಜಿನಲ್ಲಿ ಗಂಡನಿಗೆ ಇದನ್ನು ಹೇಳುತ್ತಿದ್ದಾಗ, ಮೂರನೇ ಕ್ಲಾಸಿನ ಮಗಳು ಚಪಾತಿ ಕೆಳಗಿಟ್ಟು, "ಅಮ್ಮಾ, ನಿನ್ನನ್ನ ಪೊಲೀಸ್ ಕರ್ಕೊಂಡು ಹೋಗ್ತಾರಾ?" ಎಂದು ಕೇಳಿದಳು. ನಗು ಬರಲಿಲ್ಲ.

ಹಾಗಾಗಿ ಸರಿಯಾಗಿ ಗುರುತು ಹಿಡಿಯಲೇಬೇಕಾಯಿತು. ಗೆಳತಿಯ ಅತ್ತಿಗೆ ಒಬ್ಬರು ಸಾಗರ ಜೀವಶಾಸ್ತ್ರ ಕಲಿಸುವವರು. ಅವರಿಗೆ ಬರೆದೆ. ಅವರು ಹೇಳಿದ ಮೊದಲ ಮಾತೇ "ಬಣ್ಣ ಮರೆತುಬಿಡಿ." ಒಂದೇ ಜಾತಿ ಹತ್ತು ಬಣ್ಣದಲ್ಲಿರುತ್ತದೆ, ಹತ್ತು ಜಾತಿ ಒಂದೇ ಬಣ್ಣದಲ್ಲಿರುತ್ತವೆ. ತೋಳುಗಳನ್ನು ಎಣಿಸಿ, ಅವು ಎಲ್ಲಿ ಹುಟ್ಟುತ್ತವೆ ನೋಡಿ, ಒಳಗೆ ಮೂಳೆ ಇದೆಯೇ ನೋಡಿ ಎಂದರು.

ಬಾಯಿಯ ಸುತ್ತ ಎಂಟೇ ತೋಳು, ಪ್ರತಿ ತೋಳಿಗೂ ಗರಿಯ ಹಾಗೆ ಅಂಚು ಇದ್ದರೆ ಅದು ಮೆದು ಹವಳದ ಬಳಗ. ನಿಮಗೆ ಆಶ್ಚರ್ಯವಾಗಬಹುದು, ನಮ್ಮ ತಾಳಿಯಲ್ಲಿ ಕರಿಮಣಿಯ ಪಕ್ಕ ಕೂತಿರುವ ಕೆಂಪು ಹವಳವೂ ಎಂಟು ತೋಳಿನ ಬಳಗದ್ದೇ. ಮೆಡಿಟರೇನಿಯನ್ ಸಮುದ್ರದ ಕತ್ತಲ ಬಂಡೆಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಬದುಕಿರುವಾಗ ಅದರ ಪುಟ್ಟ ಹೂವುಗಳು ಬಿಳಿ, ಕೆಂಪು ಇರುವುದು ಒಳಗಿನ ಕಡ್ಡಿಯಲ್ಲಿ. ನಾವು ಧರಿಸುವುದು ಆ ಕಡ್ಡಿ. ಆದರೆ ಒಂದು ಮಾತು: ಹವಳವೆಂದರೆ ಮೂಲದಲ್ಲಿ ಸುಣ್ಣದ ಜಾತಿ. ತಾಳಿ ಹೊಳೆಯಲಿ ಎಂದು ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಚಿನ್ನ ಹೊಳೆಯುತ್ತದೆ, ಹವಳದ ಮೈ ಸವೆಯುತ್ತದೆ. ಇಷ್ಟು ಹೇಳಿದಾಗ ಮುಂದಿನ ಸಾಲಿನಲ್ಲಿ ಮೂವರು ಕೈ ಕುತ್ತಿಗೆಗೆ ಹೋಯಿತು, ನೋಡಿದೆ.

ಈ ಕೆಂಪು ಹವಳಕ್ಕೂ ನಮ್ಮ ಪೇಟೆಗೂ ಹಳೆಯ ನಂಟು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಮಣ್ಣಡಿಯಲ್ಲಿ, ಕೋರಲ್ ಮರ್ಚೆಂಟ್ ಸ್ಟ್ರೀಟ್ ಇದೆ, ತಮಿಳಿನಲ್ಲಿ ಪವಳಕ್ಕಾರ ತೆರು. 17, 18ನೇ ಶತಮಾನದಲ್ಲಿ ಯೆಹೂದಿ ವರ್ತಕರು ಮೆಡಿಟರೇನಿಯನ್ ಹವಳವನ್ನು ಲಂಡನ್ ಮೂಲಕ ಮದರಾಸಿಗೆ ತರಿಸಿ, ಬದಲಿಗೆ ಗೋಲ್ಕೊಂಡದ ವಜ್ರ ಕಳಿಸುತ್ತಿದ್ದರು. ಈಗ ಆ ಬೀದಿಯಲ್ಲಿ ಹವಳವಿಲ್ಲ, ಹೆಸರಿದೆ. ಪವಳ ಎನ್ನುವುದು ಹಳಗನ್ನಡದಲ್ಲೂ ಪವಳವೇ. ಪಾಲು ಹಾಲಾದಂತೆ ನಮ್ಮಲ್ಲಿ ಪವಳ ಹವಳವಾಯಿತು. ಆ ಬೀದಿಯ ಬೋರ್ಡು ಓದಿದಾಗಲೆಲ್ಲ ನನಗೆ ಹಳಗನ್ನಡ ಓದಿದ ಹಾಗೆ ಅನ್ನಿಸುತ್ತದೆ.

ಇರಲಿ, ತೊಟ್ಟಿಗೆ ಬರೋಣ. ಕೈಗೆ ಗ್ಲೌಸ್ ಹಾಕಿ, ಮೊಂಡು ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದೆ. ಕಲ್ಲುಹವಳವಾದರೆ ಮೈ ಕುಗ್ಗಿಸಿಕೊಂಡಾಗ ಒಳಗಿನ ಸುಣ್ಣದ ಅಲಗುಗಳು ಚಕ್ಕುಲಿ ಒರಳಿನ ಬಿಲ್ಲೆಯಲ್ಲಿರುವ ನಕ್ಷತ್ರದ ಹಾಗೆ ಎದ್ದು ಕಾಣುತ್ತವೆ. ಇದು ಇಡೀ ಮೈಯನ್ನೇ ಹಪ್ಪಳದ ಹಿಟ್ಟಿನ ಹಾಗೆ ಮುದುರಿಕೊಂಡಿತು. ಒಳಗೆ ಗಟ್ಟಿ ಏನೂ ಇಲ್ಲ. ತೋಳುಗಳು ಎಂಟಲ್ಲ, ಲೆಕ್ಕವಿಲ್ಲದಷ್ಟು ಪುಟ್ಟ ಗುಬುಟುಗಳು, ನಡುವಿನ ಬಾಯಿಯಿಂದ ಅಂಚಿಗೆ ಕಿರಣಗಳ ಹಾಗೆ ಸಾಲುಸಾಲಾಗಿ. ಆ ಮೇಡಂ ಮೂರು ಫೋಟೋ ನೋಡಿ ಬರೆದರು: ಅಣಬೆ ಹವಳ, ಡಿಸ್ಕೊಸೋಮಾದ ಬಳಗ. ಕಲ್ಲುಹವಳದ ಹತ್ತಿರದ ನೆಂಟ, ಆದರೆ ಮೂಳೆ ಇಲ್ಲದ್ದು, ಆ ಪಟ್ಟಿಯಲ್ಲಿಲ್ಲದ್ದು. ಮಾಸ್ಕೋದವರಿಗೆ ಕೆಂಪು ಕೊಟ್ಟ ಬಳಗವೇ! ಅಣಬೆ ಎಂದಿದ್ದ ಆ್ಯಪ್‌ಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಆದರೆ ಅವರು ಕೆಳಗೆ ಇನ್ನೊಂದು ಸಾಲು ಬರೆದಿದ್ದರು: "ಅದು ಕೂತಿರುವ ಕಲ್ಲಿನ ಫೋಟೋ ಕಳಿಸಿ. ಬುಡದಲ್ಲಿ ಕಂದು ಬಣ್ಣದ ಗುಂಡಿಗಳ ಹಾಗಿರುವುದು ಏನು?"

ಆ ಗುಂಡಿಗಳನ್ನು ನಾನು ನೋಡಿಯೇ ಇದ್ದೆ, ಗಮನಿಸಿರಲಿಲ್ಲ. ಅಂಗಿಯ ಗುಂಡಿಯಷ್ಟು ದೊಡ್ಡದು, ಮಣ್ಣಿನ ಬಣ್ಣ, ನೋಡಲು ಏನೂ ಇಲ್ಲ. ಇಲ್ಲಿ ನಾನು ನಿಮಗೆ ಒಂದು ತಪ್ಪೊಪ್ಪಿಕೊಳ್ಳಬೇಕು. ಆ ಹೊತ್ತಿಗೆ ಕಲ್ಲಿನ ಮೇಲೆ ಕಾಟದ ಪುಟ್ಟ ಸಮುದ್ರಹೂಗಳೂ ಎದ್ದಿದ್ದವು. ಒಬ್ಬರು ಸಲಹೆ ಕೊಟ್ಟಿದ್ದರು: "ಅಣಬೆಯನ್ನು ಬಿಡಿಸಿ ಬೇರೆ ಇಟ್ಟು ಕಲ್ಲನ್ನು ಹತ್ತು ನಿಮಿಷ ಕುದಿಸಿಬಿಡಿ, ಎಲ್ಲ ಕ್ಲೀನ್." ನಾನು ಶನಿವಾರ ದೊಡ್ಡ ಪಾತ್ರೆ ತೆಗೆದು ಒಲೆಯ ಮೇಲಿಡುವಷ್ಟರಲ್ಲಿ ಅತ್ತೆ ಬಂದು ಅಡ್ಡ ನಿಂತರು. "ಸಮುದ್ರದ ಹುಳದ ಕಲ್ಲನ್ನ ಹುಳಿ ಮಾಡೋ ಪಾತ್ರೇಲಿ ಬೇಯಿಸ್ತೀಯಾ? ನಾನಿರೋವರೆಗೆ ಈ ಅಡುಗೆಮನೇಲಿ ಅದಾಗಲ್ಲ." ಮಡಿ ಮೈಲಿಗೆ ಅಂತ ಈ ಕಾಲದಲ್ಲೂ ಎಂದು ನಾನು ಮುಖ ಊದಿಸಿಕೊಂಡು, ಹೊಸ ಪಾತ್ರೆ, ಇಂಡಕ್ಷನ್ ಒಲೆ ಎರಡನ್ನೂ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದೆ, ಬಾಲ್ಕನಿಯಲ್ಲಿ ಕುದಿಸೋಣವೆಂದು. ಅವು ಬರುವುದು ಮಂಗಳವಾರ.

ಮೇಡಂ ಉತ್ತರ ಬಂದದ್ದು ಸೋಮವಾರ. ಉತ್ತರವಲ್ಲ, ಫೋನೇ ಮಾಡಿದರು. ಆ ಗುಂಡಿಗಳು ಪ್ಯಾಲಿಥೋವಾ ಎಂಬ ಜೀವಿ, ಮೈಯಲ್ಲಿ ಮರಳಿನ ಕಾಳು ಸೇರಿಸಿಕೊಂಡು ಒರಟಾಗಿರುತ್ತದೆ, ಅದೇ ಅದರ ಗುರುತು ಎಂದರು. ಇವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ವಿಷ ಇರುತ್ತದೆ, ಯಾವುದಕ್ಕಿದೆ ಎಂದು ನೋಡಿ ಹೇಳಲಾಗುವುದಿಲ್ಲ. ಹವಾಯಿ ದ್ವೀಪದ ಜನ ಒಂದು ಕೊಳದ ಇಂಥ ಜೀವಿಯನ್ನು ಹಿಂದೆ ಈಟಿಯ ಮೊನೆಗೆ ಸವರುತ್ತಿದ್ದರಂತೆ. 1971ರಲ್ಲಿ ಅಲ್ಲಿನ ವಿಜ್ಞಾನಿಗಳು ವಿಷವನ್ನು ಬೇರ್ಪಡಿಸಿದರು. ಪ್ರಕೃತಿಯಲ್ಲಿ ಗೊತ್ತಿರುವ ಅತ್ಯಂತ ಕಟು ವಿಷಗಳಲ್ಲಿ ಅದೊಂದು, ಪ್ರತಿವಿಷ ಇಲ್ಲ. ಕುದಿಸಿದರೆ ಹಾಳಾಗುವುದಿಲ್ಲ, ಬದಲಿಗೆ ಹಬೆಯ ಜೊತೆ ಗಾಳಿಗೆ ಸೇರುತ್ತದೆ. ಅಲಾಸ್ಕಾದಲ್ಲಿ 2012ರಿಂದ 2014ರವರೆಗೆ ಮನೆ, ಅಂಗಡಿಗಳ ಅಕ್ವೇರಿಯಂನಿಂದಲೇ ಜನ ಹೀಗೆ ಕಾಯಿಲೆ ಬಿದ್ದದ್ದು ದಾಖಲಾಗಿದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ತೊಟ್ಟಿ ತೊಳೆಯಲು ಹೋಗಿ ಇಡೀ ಮನೆಮಂದಿ ಆಸ್ಪತ್ರೆ ಸೇರಿದರು, ನೆರವಿಗೆ ಬಂದ ಅಗ್ನಿಶಾಮಕದವರೂ ಸೇರಿದರು.

ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರುಮನೆಯ ಗೋಡೆ ಎರಡೇ ಅಡಿ. ಗಾಳಿ ಹೊರಹೋಗಲು ಜಾಗವೇ ಇಲ್ಲ. ಆ ಶನಿವಾರ ಮಗಳು ಅಡುಗೆಮನೆಯ ನೆಲದ ಮೇಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು.

ಫೋನಿಟ್ಟು ಹೋಗಿ ಅತ್ತೆಗೆ ಹೇಳಿದೆ. ಅವರು ಅವರೆಕಾಳು ಸುಲಿಯುತ್ತಿದ್ದರು. ತಲೆಯೆತ್ತಿ, "ಪಾತ್ರೆ ಕೊಡಲಿಲ್ಲ ಅಂತ ಎರಡು ದಿನ ಮಾತು ಬಿಟ್ಟಿದ್ದೆಯಲ್ಲ" ಎಂದರು. ಅಷ್ಟೇ. ಹೊಸ ಪಾತ್ರೆ ವಾಪಸ್ ಕಳಿಸಿದೆ.

ಕಲ್ಲಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. ಅದರ ಹಿಂಬದಿಯ ಫೋಟೋದಲ್ಲಿ ಸಣ್ಣ ಸಣ್ಣ ಬಟ್ಟಲುಗಳು, ಒಳಗೆ ಅಲಗುಗಳು, ಅದೇ ಚಕ್ಕುಲಿ ನಕ್ಷತ್ರ. ಮೇಲಿದ್ದ ಹೂವಿಗೆ ಕಾನೂನಿನ ತೊಡಕಿಲ್ಲ, ಅದು ಕೂತಿದ್ದ ಪೀಠವೇ ಸತ್ತ ಕಲ್ಲುಹವಳ. ಎಲ್ಲಿಂದ ಬಂತೋ ಗೊತ್ತಿಲ್ಲ. ಮನ್ನಾರ್ ಕೊಲ್ಲಿಯಲ್ಲಿ ದಶಕಗಳ ಕಾಲ ಸುಣ್ಣಕ್ಕೆ, ಕಟ್ಟಡಕ್ಕೆ ಎಂದು ಹವಳ ಅಗೆದು ತೆಗೆದರು. ಅಲ್ಲಿನ 21 ದ್ವೀಪಗಳನ್ನು 1986ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಸಾರಿದರೂ, ಅವುಗಳಲ್ಲಿ ಎರಡು ಈಗ ನೀರೊಳಗೆ ಮುಳುಗಿವೆ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿದವರು ಇಲ್ಲಿ ಇಬ್ಬರಿದ್ದೀರಿ. ನೀವು ಕೆಳಗೆ ನೋಡಿದ ಹವಳದ ಒಂದು ತುಂಡು ಯಾರದೋ ಹಾಲ್‌ನಲ್ಲಿ ‘ಡೆಕೊರೇಷನ್’ ಎಂದು ಕೂತರೆ ಹೇಗನ್ನಿಸುತ್ತದೆ?

ಮನೆಯಲ್ಲಿ ಚರ್ಚೆಯಾಯಿತು. ಗಂಡ, "ಯಾರಿಗೆ ಗೊತ್ತಾಗುತ್ತೆ, ರಾತ್ರಿ ಕಸಕ್ಕೆ ಹಾಕಿಬಿಡು" ಎಂದರು. ಕಸ ತೆಗೆಯುವವರು ಬರಿಗೈಯಲ್ಲಿ ಮುಟ್ಟುತ್ತಾರೆ ಎಂದೆ. ಮಾವನವರು ಬಹಳ ಹೊತ್ತು ಸುಮ್ಮನಿದ್ದು, "ಲೆಕ್ಕ ತಪ್ಪಿದ್ದರೆ ನಾವೇ ಹೋಗಿ ಹೇಳೋದು ವಾಸಿ, ಅವರು ಬಂದು ಪುಸ್ತಕ ತೆರೆಸೋದಕ್ಕಿಂತ" ಎಂದರು. ನಡೆದದ್ದನ್ನೆಲ್ಲ ಬರೆದು, ಬಿಲ್ಲು ಲಗತ್ತಿಸಿ, ಅರಣ್ಯ ಇಲಾಖೆಗೆ ಪತ್ರ ಕೊಟ್ಟೆ. ಕನ್ನಡಕ, ಗ್ಲೌಸ್ ಹಾಕಿಕೊಂಡು ಅಣಬೆಯನ್ನು ಬಿಡಿಸಿ ಪಿಂಗಾಣಿ ಬಿಲ್ಲೆಯ ಮೇಲೆ ಕೂರಿಸಿದೆ. ಕಲ್ಲನ್ನು ನೀರಿನ ಸಮೇತ ಮುಚ್ಚಳದ ಬಕೆಟ್ಟಿಗೆ ಹಾಕಿ, ಮೇಲೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ‘ಬರಿಗೈಯಲ್ಲಿ ಮುಟ್ಟಬೇಡಿ, ಕುದಿಸಬೇಡಿ’ ಎಂದು ಬರೆದೆ. ಮಾವನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜೊತೆಗೆ ಬಂದರು. ಆಟೋದವರು ಬಕೆಟ್ ನೋಡಿ, "ಎನ್ನಮ್ಮಾ, ಮೀನಾ?" ಎಂದರು. ಮಾವನವರೇ ಉತ್ತರ ಕೊಟ್ಟರು, "ಇಲ್ಲೇಪ್ಪಾ, ಪವಳಂ." ಆಟೋದವರು ಹಿಂದೆ ತಿರುಗಿ ನನ್ನ ಕುತ್ತಿಗೆ ನೋಡಿ, ಮತ್ತೆ ಬಕೆಟ್ ನೋಡಿ, ದಾರಿಯುದ್ದಕ್ಕೂ ಮಾತಾಡಲಿಲ್ಲ.

ಕಚೇರಿಯಲ್ಲಿ ಕಲ್ಲು ತೆಗೆದುಕೊಂಡು, ಹೇಳಿಕೆ ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಕಳಿಸಿದರು. ಮನೆಗೆ ಬರುವಾಗ ಮಾವನವರು ಮಿಂಟ್ ಸ್ಟ್ರೀಟಿನಲ್ಲಿ ಜಿಲೇಬಿ ಕಟ್ಟಿಸಿದರು. ಮಗಳಿಗೆ ಅಷ್ಟರಲ್ಲೇ ಎಲ್ಲ ಅರ್ಥವಾಯಿತು.

ಅಣಬೆ ಹವಳ ಈಗಲೂ ಇದೆ. ಬಿಳಿ ದೀಪದ ಕೆಳಗೆ ಬೀಟ್‌ರೂಟ್ ಬಣ್ಣದಲ್ಲೇ ಇಟ್ಟಿದ್ದೇನೆ, ಸಂಜೆ ಒಂದು ಗಂಟೆ ಮಾತ್ರ ನೀಲಿ ದೀಪ, ಅತ್ತೆ ಸೀರಿಯಲ್ ಮುಗಿಸಿ ಬರುವ ಹೊತ್ತಿಗೆ. ಹೋದ ತಿಂಗಳು ಅದು ನಡುವಿನಿಂದ ಸೀಳಿಕೊಂಡು ಎರಡಾಯಿತು. ಹಾಗೆ ಎರಡಾಗುವುದು ಅದರ ಸ್ವಭಾವ. ಒಂದನ್ನು ಯಾರಿಗಾದರೂ ಕೊಡಬಹುದು ಎಂದುಕೊಂಡಿದ್ದೇನೆ. ಬೇಕಾದವರು ಚಹಾದ ವೇಳೆ ನನ್ನನ್ನು ಕಾಣಿ. ಮೊದಲು ನಿಮ್ಮ ತೊಟ್ಟಿಯ ಕಲ್ಲುಗಳ ಫೋಟೋ ತೋರಿಸಬೇಕು, ಬುಡದ್ದೂ ಸೇರಿಸಿ.